‘ಏನೂ ಇಲ್ಲ’ ಅನ್ನಬೇಡಿ, ಡಾಕ್ಟರೇ

ಮೇಡಂ,

ನಾನು ಮೈಸೂರಿನ ಕಡೆಯವಳು. ಎಂಬಿಬಿಎಸ್ ಮುಗಿಸಿ, ಕಡ್ಡಾಯ ಗ್ರಾಮೀಣ ಸೇವೆಗೆಂದು ಹಾವೇರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದೇನೆ. ಸಂತೆಯ ದಿನ ನೂರು ಜನರಾದರೂ ಬರುತ್ತಾರೆ. ಜ್ವರ, ಕೆಮ್ಮು, ಬೀಪಿ, ಶುಗರ್, ನಾಯಿ ಕಡಿತ ಇದನ್ನೆಲ್ಲ ಹೇಗೋ ನಿಭಾಯಿಸುತ್ತೇನೆ. ಕಾಡುವುದು ಬೇರೆಯೇ ಒಂದು ಗುಂಪು.

ಒಬ್ಬ ಹೆಂಗಸಿದ್ದಾರೆ, ಮೂವತ್ತೆಂಟರ ಆಸುಪಾಸು. ಹತ್ತು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಒಂದು ಸಲ ತಲೆ ಭಾರ, ಇನ್ನೊಂದು ಸಲ ‘ಕೈಕಾಲ ಹರೀತಾವ್ರಿ’, ಮತ್ತೊಮ್ಮೆ ಎದೆಯಲ್ಲಿ ಉರಿ. ಪ್ಲಾಸ್ಟಿಕ್ ಚೀಲದ ತುಂಬ ಹಳೇ ಚೀಟಿಗಳು, ಹುಬ್ಬಳ್ಳಿಯಲ್ಲಿ ಮಾಡಿಸಿದ ಸ್ಕ್ಯಾನು, ಇಸಿಜಿ. ಎಲ್ಲ ನಾರ್ಮಲ್. ಮೊನ್ನೆ ನಾನು ‘ನಿಮಗೆ ಏನೂ ಇಲ್ಲಮ್ಮ, ಆರಾಮಾಗಿರಿ’ ಅಂದೆ. ಅವರ ಮುಖ ಸಪ್ಪಗಾಯಿತು. ‘ಹಂಗಾರ ಒಂದು ಸೂಜಿನಾದ್ರೂ ಮಾಡ್ರಿ’ ಅಂದರು. ಮಾಡಿಸಿ ಕಳಿಸಿದೆ. ನಮ್ಮ ಸಿಸ್ಟರ್ ‘ಆಕಿದು ಯಾವಾಗ್ಲೂ ಇದ್ದದ್ದ ಬಿಡ್ರಿ ಮೇಡಂ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಾಲೇಜಿನಲ್ಲಿ ಮನೋವೈದ್ಯ ವಿಭಾಗದಲ್ಲಿ ನಾವು ಕಳೆದದ್ದು ಕೆಲವೇ ವಾರ. ಅಲ್ಲಿ ನೋಡಿದ್ದೆಲ್ಲ ವಾರ್ಡಿನಲ್ಲಿದ್ದ ಸ್ಕಿಜೋಫ್ರೇನಿಯಾ, ಮೇನಿಯಾ. ಇಲ್ಲಿ ‘ಮನಸ್ಸಿಗೆ ಬೇಸರ’ ಎಂದು ಯಾರೂ ಚೀಟಿ ಮಾಡಿಸುವುದಿಲ್ಲ. ಹಾಗಾದರೆ ಇವರಲ್ಲಿ ಯಾರಿಗೆ ಮನಸ್ಸಿನ ತೊಂದರೆ ಇದೆ ಎಂದು ತಿಳಿಯುವುದು ಹೇಗೆ? ಕೇಳಿದರೆ ‘ನನಗೇನ ಹುಚ್ಚ ಹಿಡದೈತೇನ್ರಿ’ ಎಂದು ಸಿಟ್ಟಾದರೆ? ಅಳಲು ಶುರು ಮಾಡಿದರೆ ಬಾಗಿಲಲ್ಲಿ ನಿಂತವರಿಗೆ ಏನು ಹೇಳಲಿ? ಎಲ್ಲ ತಿಳಿದುಕೊಂಡ ಮೇಲೂ ನಾನು ಮಾಡುವುದಾದರೂ ಏನು?

— ಒಬ್ಬ ವೈದ್ಯೆ, ಹಾವೇರಿ ಜಿಲ್ಲೆ

ಡಾಕ್ಟರೇ,

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ‘ಸಿಟ್ಟಾದರೆ?’ ಎಂಬ ಅಳುಕು ಹೋಗದೆ ಮಿಕ್ಕದ್ದಕ್ಕೆ ಉತ್ತರ ಕೊಟ್ಟು ಪ್ರಯೋಜನವಿಲ್ಲ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿತು. ನಮ್ಮ ಬೆಂಗಳೂರೂ ಅದರಲ್ಲಿತ್ತು. ಏನೇನೋ ಕಾರಣಕ್ಕೆ ಡಾಕ್ಟರ ಬಳಿ ಬಂದವರಲ್ಲಿ ಹತ್ತಿರ ಹತ್ತಿರ ನಾಲ್ವರಿಗೊಬ್ಬರಿಗೆ ಹೆಸರಿಟ್ಟು ಹೇಳಬಹುದಾದ ಮಾನಸಿಕ ತೊಂದರೆ ಇತ್ತು. ಅವರ ಪೈಕಿ ಖಿನ್ನತೆ ಇದ್ದ ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಶೇ. 69ರಷ್ಟು ಮಂದಿ ತಾವು ಬಂದದ್ದಕ್ಕೆ ಕೊಟ್ಟ ಕಾರಣ ಬರೀ ಮೈಯದು: ನೋವು, ಸುಸ್ತು, ಹೊಟ್ಟೆ. ಆದರೆ ನೇರವಾಗಿ ಕೇಳಿದಾಗಲೂ ‘ಮನಸ್ಸಿಗೇನೂ ಆಗಿಲ್ಲ’ ಎಂದವರು ಶೇ. 11 ಮಾತ್ರ. ಉಳಿದವರೆಲ್ಲ ಹೇಳಿಕೊಂಡರು. ಹೇಳಲು ಅವರು ತಯಾರಿದ್ದರು, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಹಾವೇರಿಯ ಹೆಂಗಸರು ಈ ಲೆಕ್ಕಕ್ಕೆ ಹೊರತಲ್ಲ. ಸಿಟ್ಟು ಬರುವುದು ಕೇಳಿದ್ದಕ್ಕಲ್ಲ, ಕೇಳಿದ ಕ್ರಮಕ್ಕೆ. ನಾಡಿ ಹಿಡಿಯದೆ, ಹೊಟ್ಟೆ ಮುಟ್ಟದೆ, ರಿಪೋರ್ಟು ಪಕ್ಕಕ್ಕಿಟ್ಟು ‘ಮನೇಲಿ ಏನಾದ್ರೂ ಟೆನ್ಷನ್ನಾ?’ ಎಂದರೆ ಯಾರಿಗಾದರೂ ಅನಿಸುವುದು ಒಂದೇ: ನನ್ನ ನೋವು ಸುಳ್ಳು ಅಂತಿದಾಳೆ ಈ ಡಾಕ್ಟರು. ಮೊದಲು ಮೈ ನೋಡಿ. ನಿಜವಾಗಿ ನೋಡಿ, ತೋರಿಕೆಗಲ್ಲ. ಆಮೇಲೆ ಕೇಳಿ. ಬೀಪಿ ನೋಡುವ ಹೊತ್ತು ಇದಕ್ಕೆ ಒಳ್ಳೆಯದು. ಗಾಳಿ ತುಂಬಿರುವಾಗ ಮಾತಾಡಿಸಿದರೆ ಅಂಕಿ ಏರುತ್ತದೆ, ಆದ್ದರಿಂದ ಪಟ್ಟಿ ಬಿಚ್ಚುತ್ತ ಕೇಳಿ. ಕೈ ಇನ್ನೂ ನಿಮ್ಮ ಕೈಯಲ್ಲಿರುತ್ತದೆ, ಮುಖ ಎದುರಿಗಿರುತ್ತದೆ, ಇಬ್ಬರೂ ಚೀಟಿ ನೋಡುತ್ತಿರುವುದಿಲ್ಲ.

ಇಂಗ್ಲೆಂಡಿನ ಡೇವಿಡ್ ಗೋಲ್ಡ್‌ಬರ್ಗ್ ಎಂಬ ಮನೋವೈದ್ಯರು ಸಾಮಾನ್ಯ ವೈದ್ಯರು ರೋಗಿಗಳೊಡನೆ ಮಾತಾಡುವ ಬಗೆಯನ್ನು ವರ್ಷಗಟ್ಟಲೆ ಗಮನಿಸಿದವರು. ಮಾನಸಿಕ ತೊಂದರೆ ಯಾರ ಕಣ್ಣಿಗೆ ಬೀಳುತ್ತದೆ, ಯಾರ ಕಣ್ತಪ್ಪುತ್ತದೆ ಎಂಬುದು ಅವರ ಹುಡುಕಾಟ. ಅವರಿಗೆ ಸಿಕ್ಕ ಉತ್ತರದಲ್ಲಿ ದೊಡ್ಡ ಪಾಂಡಿತ್ಯವೇನೂ ಇಲ್ಲ. ರೋಗಿ ಬಾಯಿ ಬಿಡುವ ಹೊತ್ತಿಗೆ ತಲೆ ಎತ್ತಿ ನೋಡುವವರು, ಕಾಗದದಲ್ಲಿ ಮುಖ ಹುದುಗಿಸದವರು, ಮೊದಲ ಮಾತನ್ನು ನಡುವೆ ತುಂಡರಿಸದವರು, ‘ಹೌದು–ಇಲ್ಲ’ದ ಪ್ರಶ್ನೆಗಳಿಗೆ ಆಮೇಲೆ ಬರುವವರು ಹೆಚ್ಚು ಗುರುತಿಸುತ್ತಿದ್ದರು. ನೂರು ಚೀಟಿಗಳ ನಡುವೆ ಇದೂ ಕಷ್ಟವೇ ಎಂದು ಗೊತ್ತು. ಆದರೆ ನೂರು ಜನರಿಗೂ ಮಾಡಬೇಕಿಲ್ಲ.

ಯಾರಿಗೆ ಮಾಡಬೇಕು? ಪ್ಲಾಸ್ಟಿಕ್ ಚೀಲ ನೋಡಿ. ಚೀಟಿಯ ಕಟ್ಟು ದಪ್ಪವಾದಷ್ಟೂ, ಅದರಲ್ಲಿ ‘ನಾರ್ಮಲ್’ ಎಂಬ ಪದ ಹೆಚ್ಚಾದಷ್ಟೂ ನಿಮ್ಮ ಕಿವಿ ನಿಮಿರಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕಡೆಯ ತೊಂದರೆ ಒಟ್ಟಿಗೆ ಹೇಳುವವರು, ಸಲಕ್ಕೊಂದು ಹೊಸ ನೋವು ತರುವವರು, ‘ಶಕ್ತಿ ಇಲ್ಲ’ ಎಂದು ಸಲೈನ್ ಹಚ್ಚಲು ಕೇಳುವವರು. ಚೆನ್ನಾಗಿದ್ದ ಶುಗರ್ ಕಾರಣವಿಲ್ಲದೆ ಹದ ತಪ್ಪಿದವರು ಸಹ: ಖಿನ್ನತೆ ಬಂದಾಗ ಮೊದಲು ನಿಲ್ಲುವುದು ನಡಿಗೆ, ಆಮೇಲೆ ಮಾತ್ರೆ. ಎಲ್ಲಕ್ಕಿಂತ ಒಳ್ಳೆಯ ಸುಳಿವು ನಿದ್ದೆ. ನಿದ್ದೆಯ ಬಗ್ಗೆ ಕೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ. ‘ರಾತ್ರಿ ನಿದ್ದಿ ಹೆಂಗೈತ್ರಿ?’ ಎಂದು ಕೇಳಿ ಸುಮ್ಮನಿರಿ. ‘ಮೂರು ಗಂಟೆಗೆ ಎಚ್ಚರಾಗತೈತ್ರಿ, ಆಮ್ಯಾಲ ಹತ್ತಂಗಿಲ್ಲ’ ಎಂದು ಬಂತೆಂದರೆ ಬಾಗಿಲು ಅರ್ಧ ತೆರೆದಂತೆ. ‘ಎಚ್ಚರಾದಾಗ ಏನ್ ವಿಚಾರ ಬರ್ತಾವ?’ ಎಂದರೆ ಪೂರ್ತಿ ತೆರೆಯುತ್ತದೆ.

ಆಮೇಲೆ ಎರಡೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿ ಹೋಗಿ, ದಾರಿಯೇ ಇಲ್ಲ ಅನಿಸಿದೆಯೇ? ಮೊದಲು ಇಷ್ಟವಾಗುತ್ತಿದ್ದ ಕೆಲಸ, ಮಾತು, ಹಬ್ಬ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ? ಪಿಎಚ್‌ಕ್ಯೂ–2 ಎಂದು ನೀವು ಪರೀಕ್ಷೆಗೆ ಓದಿದ್ದು ಇದನ್ನೇ. ಅಂಕ ಹಾಕುವುದು ಆಮೇಲಿನ ಮಾತು, ಮೊದಲು ಊರಿನ ಮಾತಿನಲ್ಲಿ ಕೇಳುವುದನ್ನು ರೂಢಿಸಿಕೊಳ್ಳಿ. ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಮುಂದಕ್ಕೆ ಹೋಗಿ: ಊಟ, ತೂಕ, ಸುಸ್ತು, ತಪ್ಪೆಲ್ಲ ನನ್ನದೇ ಎಂಬ ಭಾವ, ಸಾವಿನ ಯೋಚನೆ. ನ್ಯೂಜಿಲೆಂಡಿನ ವೈದ್ಯರು 2005ರಲ್ಲಿ ಈ ಎರಡಕ್ಕೆ ಮೂರನೆಯದೊಂದನ್ನು ಸೇರಿಸಿ ನೋಡಿದರು: ‘ಇದಕ್ಕೆ ಸಹಾಯ ಬೇಕು ಅನಿಸುತ್ತದೆಯೇ?’ ಸುಮ್ಮನೆ ‘ಹೌದು’ ಎನ್ನುವವರಿಂದ ನಿಜವಾಗಿ ನರಳುತ್ತಿರುವವರನ್ನು ಬೇರ್ಪಡಿಸಲು ಆ ಒಂದು ಪ್ರಶ್ನೆ ಬಹಳ ನೆರವಾಯಿತು. ನನಗಂತೂ ಅದು ಇನ್ನೊಂದು ಕಾರಣಕ್ಕೆ ಇಷ್ಟ. ಎಷ್ಟು ಹೇಳಬೇಕು, ಇವತ್ತು ಹೇಳಬೇಕೋ ಬೇಡವೋ ಎಂಬ ತೀರ್ಮಾನವನ್ನು ರೋಗಿಯ ಕೈಗೇ ಕೊಡುತ್ತದೆ.

ಸಾವಿನ ಯೋಚನೆಯ ಬಗ್ಗೆ ಕೇಳಲು ಹೊಸ ಡಾಕ್ಟರುಗಳೆಲ್ಲ ಹಿಂಜರಿಯುತ್ತಾರೆ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುತ್ತದೋ ಎಂಬ ಹೆದರಿಕೆ. ಹಾಗಾಗುವುದಿಲ್ಲ, ಇದು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ ಸಂಗತಿ. ‘ಇಷ್ಟು ಸಂಕಟ ಆದಾಗ ಕೆಲವರಿಗೆ ಜೀವಾನ ಬ್ಯಾಡ ಅನಸ್ತೈತಿ. ನಿಮಗ ಹಂಗ ಅನಿಸೇತೇನ್ರಿ?’ ಹೌದೆಂದರೆ ಹೇಗೆ, ಯಾವಾಗ ಎಂದು ಯೋಚಿಸಿದ್ದೂ ಇದೆಯೇ ಎಂದು ಕೇಳಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಇದೆಯೇ ಎಂದು ತಪ್ಪದೆ ಕೇಳಿ. ರೈತರ ಮನೆಯಲ್ಲಿ ಅದು ಅಡುಗೆಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಇರುತ್ತದೆ. ಅದನ್ನು ಆ ದಿನವೇ ಬೇರೆಯವರ ವಶಕ್ಕೆ ಕೊಡಿಸುವುದು ಯಾವ ಮಾತ್ರೆಗೂ ಕಡಿಮೆಯ ಚಿಕಿತ್ಸೆಯಲ್ಲ. ಹೇಗೆಂದು ಯೋಚಿಸಿಟ್ಟವರನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ಮನೆಯವರನ್ನು ಕರೆಸಿ, ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ, ಅಂದೇ ಕಳಿಸಿ. ಆ ಎಣ್ಣೆ ಕುಡಿದವರನ್ನು ಹೊತ್ತು ತಂದಾಗಲೂ ನೀವೇ ನೋಡಬೇಕಾಗುತ್ತದೆ. ಆಗ ಬೈಗುಳ ಬೇಡ, ‘ಪೊಲೀಸ್ ಕೇಸು’ ಎಂದು ಹೆದರಿಸುವುದೂ ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಕೂಡದು ಎನ್ನುತ್ತದೆ.

ಇನ್ನು ಅಳು. ಅಳುವವರನ್ನು ನಿಲ್ಲಿಸಲು ಹೋದರೆ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಲೋಟ ನೀರು ಕೊಟ್ಟು ಸುಮ್ಮನಿದ್ದರೆ ಎರಡು ಮೂರು ನಿಮಿಷಕ್ಕೆ ತಾನಾಗಿ ತಗ್ಗುತ್ತದೆ. ‘ಇದು ಇವತ್ತೇ ಮುಗಿಯುವ ಮಾತಲ್ಲ. ಗುರುವಾರ ಮಧ್ಯಾಹ್ನ ಬನ್ನಿ, ಆಗ ಜನ ಕಡಿಮೆ’ ಎಂದು ದಿನ ಗೊತ್ತು ಮಾಡಿ. ತಜ್ಞರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ: ನಿಮ್ಮ ರೋಗಿ ಹೇಗೂ ಮತ್ತೆ ಬರುತ್ತಾಳೆ. ಎಲ್ಲವನ್ನೂ ಒಂದೇ ಸಲ ಬಿಚ್ಚಿಸಬೇಕಿಲ್ಲ. ಆದರೆ ಬಾಗಿಲಲ್ಲಿ ನಿಂತವರ ಕಿವಿಯಿಂದ ಅವಳನ್ನು ಕಾಪಾಡಬೇಕು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಮುಂದಿನ ರೋಗಿ ಹಿಂದಿನವರ ಹೆಗಲ ಮೇಲಿಂದ ಬಗ್ಗಿ ನೋಡುವುದು ವಾಡಿಕೆ. ಪರದೆಯ ಹಿಂದಿನ ಪರೀಕ್ಷೆಯ ಮಂಚವನ್ನು ಉಪಯೋಗಿಸಿಕೊಳ್ಳಿ. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ‘ಔಷಧಿ ತಗೊಂಡು ಬನ್ನಿ’ ಎಂದು ಕೌಂಟರಿಗೆ ಕಳಿಸಿ. ಆ ಎರಡು ನಿಮಿಷದಲ್ಲಿ ಹೊರಬರುವ ಸಂಗತಿ ಕೆಲವೊಮ್ಮೆ ಖಿನ್ನತೆಯಲ್ಲ, ಬೆನ್ನ ಮೇಲಿನ ಬಾಸುಂಡೆ.

ಸಿಸ್ಟರ್ ನಕ್ಕಿದ್ದಕ್ಕೆ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಿಮಗಿಂತ ಮುಂಚಿನಿಂದ ಅದೇ ಊರಲ್ಲಿರುವ ಅವರಿಗೆ ಆ ಮನೆಯ ಸಾಲ, ಜಗಳ, ಮಗಳ ಮದುವೆ ಎಲ್ಲ ಗೊತ್ತಿರುತ್ತದೆ. ಅವರನ್ನೂ ಆಶಾ ಕಾರ್ಯಕರ್ತೆಯರನ್ನೂ ಕೂರಿಸಿಕೊಂಡು ಒಂದು ಮಧ್ಯಾಹ್ನ ಈ ಎರಡು ಪ್ರಶ್ನೆ ಹೇಳಿಕೊಡಿ. ಕೇಳಿದ್ದು ಊರ ಕಟ್ಟೆಗೆ ಹೋಗಬಾರದು ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಿ.

‘ಇಲ್ಲಿ ಯಾರೂ ಬೇಸರ ಎಂದು ಚೀಟಿ ಮಾಡಿಸುವುದಿಲ್ಲ’ ಎಂದಿರಿ. ಹಾಗಾದರೆ ಏನೆಂದು ಮಾಡಿಸುತ್ತಾರೆ ನೋಡೋಣ. ಮದುವೆಗೆ ಮುಂಚಿನ ಹುಡುಗ ಧಾತು ಹೋಗುತ್ತಿದೆ, ನರ ವೀಕ್ ಆಗಿದೆ ಎಂದು ಬರುತ್ತಾನೆ. ಅವನಿಗೆ ಟಾನಿಕ್ಕಿಗಿಂತ ಶರೀರದ ಬಗ್ಗೆ ನಾಲ್ಕು ನೇರ ಮಾತು ಬೇಕು, ಅದರ ಹಿಂದಿನ ಆತಂಕ ವಿಚಾರಿಸಬೇಕು. ಬಿಳಿ ಮುಟ್ಟು ಎಂದು ಬರುವ ಹೆಂಗಸರಲ್ಲಿ ಸೋಂಕಿಗಿಂತ ಮನಸ್ಸಿನ ಸಂಕಟದ ನಂಟೇ ಹೆಚ್ಚು ಎಂದು ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದ್ದಾರೆ. ಹಾಗೆಂದು ಪರೀಕ್ಷೆ ಮಾಡದೆ ಬಿಡಬೇಡಿ. ಪರೀಕ್ಷೆ ಮಾಡಿದ ಮೇಲೂ ಆ್ಯಂಟಿಬಯಾಟಿಕ್ಕಿನ ಮೇಲೆ ಆ್ಯಂಟಿಬಯಾಟಿಕ್ ಬರೆಯಬೇಡಿ. ಒಂದೂವರೆ ತಿಂಗಳ ಲಸಿಕೆಗೆ ಕೂಸನ್ನು ತಂದ ಬಾಣಂತಿಯನ್ನು ಕೂಸಿನ ತೂಕ ಕೇಳಿದಂತೆಯೇ ‘ನೀನು ಹೆಂಗಿದ್ದಿ?’ ಎಂದು ಕೇಳಿ. ನಿದ್ದೆಯಿಲ್ಲದೆ, ಗಾಬರಿಯಾಗಿ, ಸಂಬಂಧವಿಲ್ಲದ್ದು ಮಾತಾಡುತ್ತಿದ್ದರೆ ಅದು ಬಾಣಂತಿ ಸನ್ನಿ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ, ಆ ಹೊತ್ತಿಗೇ ಕಳಿಸಿ.

ಗಂಡಸರು ಗ್ಯಾಸ್ಟ್ರಿಕ್ ಎಂದು ಬರುತ್ತಾರೆ. ಬೆಳಿಗ್ಗೆ ಕೈ ನಡುಕ, ಬೈಕಿನಿಂದ ಬಿದ್ದ ಗಾಯ, ಏರಿದ ಬೀಪಿ. ‘ಕುಡೀತೀರೇನು?’ ಎಂದರೆ ‘ಎಲ್ಲೋ ಒಂದೊಂದ ದಿನ’ ಎಂಬ ಸಿದ್ಧ ಉತ್ತರ ಬರುತ್ತದೆ. ‘ದಿನಕ್ಕ ನೈಂಟಿನೋ, ಕ್ವಾರ್ಟರೋ?’ ಎಂದು ಕೇಳಿ ನೋಡಿ, ನಿಜದ ಹತ್ತಿರ ಬರುತ್ತಾರೆ. ಒಂದು ಎಚ್ಚರ ಬೇಕು. ದಿನವೂ ಹೆಚ್ಚು ಕುಡಿಯುವವರಿಗೆ ‘ಇವತ್ತೇ ಬಿಟ್ಟುಬಿಡಿ’ ಎಂದು ಉಪದೇಶಿಸಿ ಕಳಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. ಔಷಧದ ಆಸರೆಯಲ್ಲೇ ಬಿಡಿಸಬೇಕು.

ಒಬ್ಬನೇ ಮಾತಾಡುವ, ಯಾರೋ ತನ್ನನ್ನು ಕೊಲ್ಲಲು ಸಂಚು ಮಾಡಿದ್ದಾರೆ ಎನ್ನುವ ಹುಡುಗ ತಾನಾಗಿ ನಿಮ್ಮ ಸಾಲಿನಲ್ಲಿ ನಿಲ್ಲುವುದಿಲ್ಲ. ಅವನ ತಾಯಿ ಮೊಣಕಾಲು ನೋವಿಗೆ ಬಂದಾಗ ಹೇಳುತ್ತಾಳೆ. ದೇವಸ್ಥಾನ, ದರ್ಗಾ ಸುತ್ತಿ ಬಂದಿರುತ್ತಾರೆ. ಅದನ್ನು ಹಂಗಿಸಬೇಡಿ, ‘ಅದೂ ಇರಲಿ, ಇದೂ ಮಾಡೋಣ’ ಎಂದರೆ ಸಾಕು.

ಈಗ ನಿಮ್ಮ ಕೊನೆಯ ಪ್ರಶ್ನೆ, ಮಾಡುವುದಾದರೂ ಏನು? ಇದಕ್ಕೆ ಉತ್ತರ ಹುಡುಕಿದವರು ನಿಮಗಿಂತ ಹಿಂದೆ ನಿಮ್ಮಂಥ ಕೇಂದ್ರಗಳಲ್ಲೇ ಕೂತಿದ್ದರು. ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭಿಸಿ, ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡತೊಡಗಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿದರು. ಮಾನಸಿಕ ಕಾಯಿಲೆಯನ್ನು ಎಂಬಿಬಿಎಸ್ ಡಾಕ್ಟರೇ ಗುರುತಿಸಿ, ಕೆಲವೇ ಔಷಧಗಳಿಂದ ಊರಲ್ಲೇ ನೋಡಿಕೊಳ್ಳಬಹುದು ಎಂದು ಅಲ್ಲಿ ಗೊತ್ತಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿಯೇ. ಅಷ್ಟಾದರೂ, 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವ ನೂರರಲ್ಲಿ 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ತಜ್ಞರ ಕೊರತೆ ಒಂದು ಕಾರಣ, ಒಪ್ಪೋಣ. ಆದರೆ ನನ್ನ ಪ್ರಕಾರ ದೊಡ್ಡ ಸೋರಿಕೆ ನಡೆಯುವುದು ನಿಮ್ಮ ಮೇಜಿನ ಮೇಲೆ, ‘ಏನೂ ಇಲ್ಲ’ ಎಂಬ ಎರಡು ಪದಗಳಲ್ಲಿ. ಆ ಮಾತು ಕೇಳಿದ ರೋಗಿ ವಾಸಿಯಾಗುವುದಿಲ್ಲ, ಊರು ಬದಲಿಸುತ್ತಾಳೆ. ಇನ್ನೊಂದು ಸ್ಕ್ಯಾನು, ಇನ್ನೊಂದು ಸಾಲ.

ನಿಮ್ಮ ಕೈಯಲ್ಲಿರುವುದು ಇಷ್ಟು. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್ ನೋಡಿಸಿ. ರಕ್ತಹೀನತೆ, ಥೈರಾಯ್ಡ್ ಕೊರತೆ ಎರಡೂ ಖಿನ್ನತೆಯ ವೇಷ ಹಾಕುತ್ತವೆ. ಐವತ್ತು ದಾಟಿದವರು ಎದೆನೋವು ಎಂದರೆ, ತೂಕ ಇಳಿಯುತ್ತಿದ್ದರೆ, ಎಂದೂ ಇಲ್ಲದ ತಲೆನೋವು ಹೊಸದಾಗಿ ಬಂದರೆ ಅದನ್ನು ‘ಮನಸ್ಸಿನದು’ ಎಂದು ತಳ್ಳಿಹಾಕುವ ಧೈರ್ಯ ಯಾರಿಗೂ ಬೇಡ. ಮಾನಸಿಕ ಕಾಯಿಲೆ ಇದೆಯೆಂದು ಗೊತ್ತಿರುವ ರೋಗಿಗೆ ಹೃದಯದ ಕಾಯಿಲೆ ಬಂದಾಗ ಅದೂ ‘ಟೆನ್ಷನ್’ ಖಾತೆಗೆ ಹೋಗುತ್ತದೆ, ಇದು ನಮ್ಮ ವೃತ್ತಿಯ ಹಳೆಯ ರೋಗ.

ಖಿನ್ನತೆ ಖಚಿತವಾದರೆ, ನಿಮಗೆ ತರಬೇತಿ ಸಿಕ್ಕಿದ್ದರೆ ಖಿನ್ನತೆಯ ಮಾತ್ರೆಯನ್ನು ನೀವೇ ಶುರು ಮಾಡಬಹುದು. ಶುರು ಮಾಡುವ ಮುನ್ನ ಒಂದು ಪ್ರಶ್ನೆ ಬಿಡಬೇಡಿ: ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ಮಾತು–ಖರ್ಚು–ಹುರುಪು ಎಲ್ಲ ವಿಪರೀತವಾದ ದಿನಗಳಿದ್ದವೇ? ಇದ್ದರೆ ಅದು ಬೇರೆ ಕಾಯಿಲೆ, ತಜ್ಞರಿಗೆ ಬಿಡಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು ಎಂದು ಮೊದಲೇ ಹೇಳಿ. ಹೇಳದಿದ್ದರೆ ನಾಲ್ಕನೇ ದಿನಕ್ಕೆ ಮಾತ್ರೆ ಕಸದ ಬುಟ್ಟಿಗೆ. ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಆಲ್‌ಪ್ರಜೋಲಾಂ ಬಗ್ಗೆ ಮಾತ್ರ ಕಟುವಾಗಿ ಹೇಳುತ್ತೇನೆ. ಅದು ಮೊದಲ ರಾತ್ರಿಯೇ ನಿದ್ದೆ ತರುತ್ತದೆ, ರೋಗಿ ಕೈಮುಗಿಯುತ್ತಾಳೆ, ಆರು ತಿಂಗಳಿಗೆ ಅದಿಲ್ಲದೆ ಕಣ್ಣು ಮುಚ್ಚುವುದಿಲ್ಲ. ಖಿನ್ನತೆ ಇದ್ದಲ್ಲೇ ಇರುತ್ತದೆ.

ಮಾತ್ರೆ ಬೇಕಿಲ್ಲದ, ಸೌಮ್ಯವಾದ ತೊಂದರೆಯವರೇ ನಿಮಗೆ ಹೆಚ್ಚು ಸಿಗುತ್ತಾರೆ. ಗೋವೆಯಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ಆರೋಗ್ಯ ಕೇಂದ್ರಗಳಲ್ಲಿ ಕೂತು ಆಪ್ತಸಲಹೆ ಕೊಟ್ಟದ್ದು ಖಿನ್ನತೆಯನ್ನು ಕಡಿಮೆ ಮಾಡಿತು. 2010ರಲ್ಲೂ 2017ರಲ್ಲೂ ಪ್ರಕಟವಾದ ಫಲಿತಾಂಶಗಳಿವು. ಎರಡನೆಯದರಲ್ಲಿ ಅವರು ಮಾಡಿಸಿದ ಮುಖ್ಯ ಕೆಲಸ ಸರಳ. ಬಿಟ್ಟುಹೋದ ಒಂದು ಚಟುವಟಿಕೆಯನ್ನು ಮತ್ತೆ ಹಿಡಿಸುವುದು. ಸಂಘದ ಸಭೆಗೆ ಹೋಗುವುದೋ, ಕೌದಿ ಹೊಲಿಯುವುದೋ, ಸಂಜೆ ಗುಡಿಯವರೆಗಿನ ನಡಿಗೆಯೋ. ಮನಸ್ಸಾದಾಗ ಮಾಡೋಣ ಎಂದರೆ ಮನಸ್ಸಾಗುವುದೇ ಇಲ್ಲ. ಮೊದಲು ಮಾಡಬೇಕು, ಮನಸ್ಸು ಆಮೇಲೆ ಬರುತ್ತದೆ.

ನಿಮ್ಮ ಕೈಮೀರಿದ್ದಕ್ಕೆ ತಾಲೂಕು ಆಸ್ಪತ್ರೆಯಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ಅಲ್ಲಿಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಫೋನ್ ಮಾಡಿ ಖಚಿತಪಡಿಸಿಕೊಂಡೇ ಕಳಿಸಿ; ಕೂಲಿ ಬಿಟ್ಟು ಹೋದವರು ಬರಿಗೈಯಲ್ಲಿ ಮರಳಿದರೆ ಮತ್ತೆ ಹೋಗುವುದಿಲ್ಲ. ರಾತ್ರಿ ಹಗಲೆನ್ನದೆ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಇದೆ, 2022ರ ಅಕ್ಟೋಬರಿನಿಂದ. 14416 ಎಂಬ ಆ ಸಂಖ್ಯೆಯನ್ನು ಚೀಟಿಯ ಹಿಂದೆ ಬರೆದುಕೊಡಿ. ರೋಗಿಯಷ್ಟೇ ಅಲ್ಲ, ಮನೆಯವರೂ ಕರೆ ಮಾಡಬಹುದು.

ಆ ನಿಮ್ಮ ಮೂವತ್ತೆಂಟರ ಹೆಂಗಸು ಮುಂದಿನ ವಾರ ಬಂದಾಗ ಚೀಲದಲ್ಲಿರುವ ಕಾಗದಗಳನ್ನೆಲ್ಲ ಒಮ್ಮೆ ಅವರ ಎದುರಿಗೇ ತಿರುವಿ ಹಾಕಿ. ಮೈ ಮುಟ್ಟಿ ನೋಡಿ. ಆಮೇಲೆ ಹೀಗೆನ್ನಿ: ‘ನಿಮ್ಮ ನೋವು ಖರೇನ ಐತ್ರಿ. ಹಾರ್ಟಿಂದಲ್ಲ, ಮಿದುಳಿಂದಲ್ಲ, ಅದು ರಿಪೋರ್ಟಿನ್ಯಾಗ ಗೊತ್ತಾತು. ಬಾಳ ದಿನ ಚಿಂತಿ ಮಾಡಿದ್ರ, ನಿದ್ದಿಗೆಟ್ರ ಮೈಯಾಗಿನ ಸ್ನಾಯು ಬಿಗೀತಾವ, ಹೊಟ್ಟಿ ಉರೀತೈತಿ, ಎದಿ ಡವಡವ ಅಂತೈತಿ. ಇದಕ್ಕ ಔಷಧ ಐತಿ. ನಿದ್ದಿ ಹೆಂಗೈತಿ ಹೇಳ್ರಿ.’ ಸೂಜಿ ಕೇಳಿದರೆ ಜಗಳ ಬೇಡ. ‘ಇದಕ್ಕ ಸೂಜಿ ನಾಟಂಗಿಲ್ರಿ’ ಎನ್ನಿ, ಮುಂದಿನ ಭೇಟಿಯ ದಿನ ಹೇಳಿ. ಇನ್ನು ಮೇಲೆ ಕಾಯಿಲೆ ಜೋರಾದಾಗ ಬರುವುದಲ್ಲ, ಎರಡು ವಾರಕ್ಕೊಮ್ಮೆ ಗೊತ್ತಾದ ದಿನ ಬರುವುದು ಎಂದು ಒಪ್ಪಿಸಿ. ಡಾಕ್ಟರನ್ನು ನೋಡಲು ಹೊಸ ನೋವೊಂದು ಬೇಕಿಲ್ಲವೆಂದು ತಿಳಿದರೆ ನೋವುಗಳ ಪಟ್ಟಿಯೂ ಚಿಕ್ಕದಾಗುತ್ತದೆ.

‘ಏನೂ ಇಲ್ಲ’ ಎನಿಸಿಕೊಂಡು ಹೋದವರು ಬರದೆಯೂ ಇರಬಹುದು. ಹದಿನೈದು ದಿನ ದಾಟಿದರೆ ಆ ಓಣಿಯ ಆಶಾ ಕಾರ್ಯಕರ್ತೆಗೆ ಹೇಳಿ, ಬೀಪಿ ನೋಡುವ ನೆಪದಲ್ಲಿ ಮನೆಯ ಕಡೆ ಹೋಗಿ ಬರಲಿ. ‘ಮೇಡಂ ನಿಮ್ಮನ್ನ ಕೇಳಿದ್ರು’ ಅಂದರೆ ಸಾಕು.